ಗುಂಡಿ ಒತ್ತಿದರೆ ರೆಗ್ಗೆ ಹುಟ್ಟುತ್ತದೆಯೇ?

ಪ್ರಶ್ನೆ: ಜಮೈಕಾದ 'ಸ್ಲೆಂಗ್ ಟೆಂಗ್' ರಿಡಿಮ್ ಕ್ಯಾಸಿಯೋ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ ತಾಳವಂತೆ. ನಿಜವೇ? ಹಾಗಿದ್ದರೆ ಅದರಲ್ಲಿ ಸಂಗೀತಗಾರರು ಮಾಡಿದ್ದೇನು?

ಉತ್ತರ: ನಿಜ. ಆದರೆ ಆ ತಾಳವನ್ನು ಯಂತ್ರದೊಳಗೆ ಕೂರಿಸಿದವರು, ಅದರಲ್ಲೊಂದು ಹಾಡಿದೆ ಎಂದು ಗುರುತಿಸಿದವರು, ಅದನ್ನು ರೆಗ್ಗೆಯ ನಡೆಗೆ ತಂದವರು ಮನುಷ್ಯರೇ. ಈ ಮೂರು ಕೆಲಸಗಳನ್ನೂ ಬೇರೆ ಬೇರೆಯಾಗಿ ನೋಡಬೇಕು.

ರಿಡಿಮ್ ಎಂದರೆ ಹಾಡಿನ ಕೆಳಗೆ ಹರಿಯುವ ಬೇಸ್ ಮತ್ತು ಡ್ರಮ್‌ಗಳ ಪಾಯ. ಜಮೈಕಾದಲ್ಲಿ ಒಂದೇ ರಿಡಿಮ್ ಮೇಲೆ ಹತ್ತಾರು ಗಾಯಕರು ತಮ್ಮದೇ ಹಾಡು ಕಟ್ಟುವುದು ಹಳೆಯ ವಾಡಿಕೆ.

ಕ್ಯಾಸಿಯೋ ಕಂಪನಿಯ ಎಂಟಿ-40 ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಮನೆಮಂದಿ ನುಡಿಸಲೆಂದು ಮಾಡಿದ ಪುಟ್ಟ ವಾದ್ಯ ಅದು. ಅದರ ತಾಳಗಳನ್ನು ರೂಪಿಸಿದವರು ಹಿರೋಕೊ ಒಕುಡಾ. ಸಂಗೀತ ಕಾಲೇಜಿನಲ್ಲಿ ರೆಗ್ಗೆಯ ಬಗ್ಗೆಯೇ ಪ್ರಬಂಧ ಬರೆದು, 1980ರಲ್ಲಷ್ಟೇ ಕ್ಯಾಸಿಯೋ ಸೇರಿದ್ದ ತರುಣಿ. ಅವರು ಕೂರಿಸಿದ ತಾಳಕ್ಕೆ ಯಂತ್ರದ ಮೇಲಿದ್ದ ಹೆಸರು 'ರಾಕ್'. ಆದರೂ ರೆಗ್ಗೆ ಕೇಳಿ ಕೇಳಿ ಪಳಗಿದ ಕಿವಿಯೇ ಅದನ್ನು ರೂಪಿಸಿತ್ತು.

ಕಿಂಗ್‌ಸ್ಟನ್ನಿನ ನೋಯಲ್ ಡೇವಿ ಬಳಿ ಈ ಕೀಬೋರ್ಡ್ ಇತ್ತು. ಗೆಳೆಯ, ಗಾಯಕ ವೇಯ್ನ್ ಸ್ಮಿತ್ ಜೊತೆ ಗುಂಡಿಗಳನ್ನು ಒತ್ತಿ ನೋಡುತ್ತಿದ್ದಾಗ ಆ ಬೇಸ್ ಸಿಕ್ಕಿತು. ಇಬ್ಬರೂ ಅದನ್ನು ವಾಟರ್‌ಹೌಸ್ ಬಡಾವಣೆಯ ನಿರ್ಮಾಪಕ ಪ್ರಿನ್ಸ್ ಜ್ಯಾಮಿಯ ಸ್ಟುಡಿಯೋಗೆ ಒಯ್ದರು. ಮೂಲದ ತಾಳ ಬಿರುಸಾಗಿ ಓಡುತ್ತಿತ್ತು. ಜ್ಯಾಮಿ ವೇಗ ತಗ್ಗಿಸಿದರು. ಪಿಯಾನೊ, ಚಪ್ಪಾಳೆಯ ಸದ್ದು ಸೇರಿಸಿದರು. ವೇಗ ಇಳಿದೊಡನೆ ಬೇಸಿನ ಸ್ವರಗಳ ನಡುವೆ ಬಿಡುವು ತೆರೆದುಕೊಂಡಿತು, ಅದೇ ಸ್ವರಗಳಿಗೆ ಹೊಸ ತೂಕ ಬಂತು. ನನ್ನ ಮಟ್ಟಿಗೆ ರಿಡಿಮ್ ನಿಜವಾಗಿ ಹುಟ್ಟಿದ್ದು ಅಲ್ಲೇ.

1985ರ ಫೆಬ್ರವರಿಯಲ್ಲಿ ಬ್ಲ್ಯಾಕ್ ಸ್ಕಾರ್ಪಿಯೊ ತಂಡದ ಎದುರು ನಡೆದ ಸೌಂಡ್ ಸಿಸ್ಟಮ್ ಪಂದ್ಯದಲ್ಲಿ, ಅಂದರೆ ದೊಡ್ಡ ಧ್ವನಿವರ್ಧಕಗಳಲ್ಲಿ ಹಾಡು ಹಾಕುವ ತಂಡಗಳ ಪೈಪೋಟಿಯಲ್ಲಿ, ಜ್ಯಾಮಿ ಇದನ್ನು ನುಡಿಸಿದಾಗ ಜನ ಹುಚ್ಚೆದ್ದರು. ಜಮೈಕಾದ ಸ್ಟುಡಿಯೋಗಳಲ್ಲಿ ಡ್ರಮ್ ಮೆಶೀನ್ ಅದಕ್ಕೂ ಮುಂಚೆಯೇ ಇತ್ತು. ಆದರೆ ಬೇಸ್ ಗಿಟಾರನ್ನೂ ಬಿಟ್ಟು ಇಡೀ ಪಾಯವನ್ನು ಯಂತ್ರದಲ್ಲೇ ಕಟ್ಟಿ ಇಷ್ಟು ದೊಡ್ಡ ಗೆಲುವು ಕಂಡದ್ದು ಇದೇ ಮೊದಲು. ಪೂರ್ತಿ ವಾದ್ಯವೃಂದಕ್ಕೆ ಸಂಭಾವನೆ ಕೊಡಲಾಗದ ಹುಡುಗರಿಗೂ ಧ್ವನಿಮುದ್ರಣದ ದಾರಿ ತೆರೆಯಿತು. ಸ್ಟುಡಿಯೋಗಳಲ್ಲಿ ನುಡಿಸಿಯೇ ಬದುಕುತ್ತಿದ್ದ ಅನೇಕ ವಾದಕರಿಗೆ ಅದೇ ಗಳಿಗೆ ಕೆಲಸ ಕಡಿಮೆಯಾಯಿತು ಎಂಬುದನ್ನೂ ಮರೆಯಬಾರದು.

ಆಸಕ್ತಿಯಿದ್ದರೆ ವೇಯ್ನ್ ಸ್ಮಿತ್ ಅವರ 'ಅಂಡರ್ ಮಿ ಸ್ಲೆಂಗ್ ಟೆಂಗ್' ಕೇಳಿ, ಬೆನ್ನಿಗೇ ಟೆನರ್ ಸಾ ಅವರ 'ಪಂಪ್ಕಿನ್ ಬೆಲ್ಲಿ', ಜಾನಿ ಆಸ್ಬೋರ್ನ್ ಅವರ 'ಬಡ್ಡಿ ಬೈ' ಕೇಳಿ. ಪಾಯ ಒಂದೇ, ಹಾಡು ಮೂರು. ಸಂಗೀತಗಾರರು ಏನು ಮಾಡಿದರೆಂಬ ನಿಮ್ಮ ಪ್ರಶ್ನೆಗೆ ಅವೇ ಉತ್ತರ ಕೊಡುತ್ತವೆ.