ಬಿಸಿಲಿನ ಎಚ್ಚರಿಕೆಯೂ ಬುಧವಾರದ ಮಾತ್ರೆಯೂ

೨೦೧೦ನೆಯ ಇಸವಿಯ ಮೇ ತಿಂಗಳಿನಲ್ಲಿ ಅಹಮದಾಬಾದಿನ ಉಷ್ಣಮಾನವು ೪೬.೮ ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿತು. ಆ ತಿಂಗಳು ನಗರದಲ್ಲಿ ಸಂಭವಿಸಿದ ಮರಣಗಳು ೪,೪೬೨. ಅದರ ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳುಗಳ ಸರಾಸರಿ ೩,೧೧೮. ವ್ಯತ್ಯಾಸ ೧,೩೪೪. ಬಿಸಿಲಿನಿಂದ ಸತ್ತವನ ಮರಣಪತ್ರದಲ್ಲಿ ಹೃದಯಾಘಾತವೆಂದೋ ಮೂತ್ರಪಿಂಡದ ವೈಫಲ್ಯವೆಂದೋ ಬರೆದಿರುವುದೇ ಹೆಚ್ಚು. ಬಿಸಿಲೆಂದು ಬರೆಯುವುದು ವಿರಳ. ಆದುದರಿಂದ ಒಟ್ಟು ಮರಣಗಳನ್ನು ಬೇರೆ ವರ್ಷಗಳೊಡನೆ ತಾಳೆ ನೋಡಿದ ಮೇಲೆಯೇ ನಷ್ಟದ ನಿಜವಾದ ಗಾತ್ರ ಬೆಳಕಿಗೆ ಬಂದಿತು.

ಇಂತಹ ಲೆಕ್ಕ ಸಂಶೋಧನಾ ಪತ್ರಿಕೆಯ ಪುಟಗಳಲ್ಲಿಯೇ ಉಳಿದರೆ ರೋಗಿಗೆ ಪ್ರಯೋಜನವಿಲ್ಲ. ಅಹಮದಾಬಾದ್ ಮಹಾನಗರಪಾಲಿಕೆ, ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ, ಅಮೆರಿಕದ ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ ಮೊದಲಾದವು ಒಟ್ಟುಗೂಡಿ ೨೦೧೩ರಲ್ಲಿ ‘ಹೀಟ್ ಆಕ್ಷನ್ ಪ್ಲಾನ್’ ಎಂಬ ಯೋಜನೆಯನ್ನು ಜಾರಿಗೆ ತಂದವು. ೪೧.೧ ಡಿಗ್ರಿಗೆ ಹಳದಿ, ೪೩.೧ಕ್ಕೆ ಕಿತ್ತಳೆ, ೪೫ಕ್ಕೆ ಕೆಂಪು ಎಂದು ಎಚ್ಚರಿಕೆಯ ಮೆಟ್ಟಿಲುಗಳು ನಿಗದಿಯಾದವು. ಹವಾಮಾನದ ಮುನ್ಸೂಚನೆ ಪಾಲಿಕೆಯ ಒಬ್ಬ ಅಧಿಕಾರಿಯ ಮೇಜಿಗೆ ಬಂದು, ಅಲ್ಲಿಂದ ಆಸ್ಪತ್ರೆಗಳಿಗೂ ಆಂಬುಲೆನ್ಸ್ ಸೇವೆಗೂ ಹೋಗುವ ವ್ಯವಸ್ಥೆಯಾಯಿತು.

ಆದರೆ ಕೂಟ ರಚನೆಯಾಯಿತು, ಸಭೆ ಸೇರಿತು, ಕೈಪಿಡಿ ಅಚ್ಚಾಯಿತು ಎಂದ ಮಾತ್ರಕ್ಕೆ ಫಲ ದೊರೆಯಿತೆಂದು ಹೇಳಲಾಗದು. ಫಲವನ್ನು ಹಾಸಿಗೆಯ ಬಳಿಯೇ ನೋಡಬೇಕು. ಸರಸಪುರದಲ್ಲಿರುವ ನಗರಪಾಲಿಕೆಯ ಶಾರದಾಬೆನ್ ಆಸ್ಪತ್ರೆಯ ಉದಾಹರಣೆ ಇಲ್ಲಿ ಗಮನಾರ್ಹವಾಗಿದೆ. ಏಪ್ರಿಲಿನಿಂದ ಜೂನ್‌ವರೆಗಿನ ಮೂರು ತಿಂಗಳುಗಳಲ್ಲಿ ತಾಪದ ಕಾರಣದಿಂದ ತೀವ್ರನಿಗಾ ಘಟಕಕ್ಕೆ ಸೇರಿದ ನವಜಾತ ಶಿಶುಗಳು ೨೦೦೯ರಲ್ಲಿ ೮, ೨೦೧೦ರಲ್ಲಿ ೨೪, ೨೦೧೧ರಲ್ಲಿ ೪. ೨೦೧೦ರಲ್ಲಿ ಶಿಶುಗಳು ಒಂದರ ಮೇಲೊಂದು ದಾಖಲಾದ ಬಳಿಕ ಹೆರಿಗೆಯ ವಾರ್ಡನ್ನು ಮೇಲಂತಸ್ತಿನಿಂದ ಕೆಳಗಿನ ಅಂತಸ್ತಿಗೆ ಇಳಿಸಲಾಯಿತು. ಬಳಿಕ ನಡೆದ ಅಧ್ಯಯನದಲ್ಲಿ ಎರಡು ಸಂಗತಿಗಳು ಕಂಡುಬಂದವು: ೪೨ ಡಿಗ್ರಿಯನ್ನು ಮೀರಿದ ಮೇಲೆ ಪ್ರತಿಯೊಂದು ಡಿಗ್ರಿಗೂ ಇಂತಹ ದಾಖಲಾತಿ ಶೇಕಡಾ ೪೩ರಷ್ಟು ಏರುತ್ತಿತ್ತು; ಕೆಳ ಅಂತಸ್ತಿನಲ್ಲಿದ್ದುದರಿಂದ ಅದು ಶೇಕಡಾ ೬೪ರಷ್ಟು ಇಳಿಯಿತು. ಇದಕ್ಕೆ ಹೊಸ ಔಷಧವೇನೂ ಬೇಕಾಗಲಿಲ್ಲ. ಮಂಚಗಳನ್ನು ಕೆಳಕ್ಕೆ ಸಾಗಿಸಿದ್ದೇ ಚಿಕಿತ್ಸೆಯಾಯಿತು. ಇಲ್ಲಿ ಆಸ್ಪತ್ರೆಯವರು ಮೊದಲು ಕೆಲಸ ಮಾಡಿದರು, ಸಂಶೋಧನೆ ಆಮೇಲೆ ಅದನ್ನು ಸಮರ್ಥಿಸಿತು ಎಂಬುದನ್ನು ಮರೆಯಬಾರದು. ಸಹಯೋಗವೆಂದರೆ ವಿದ್ವಾಂಸರು ಹೇಳುವುದು, ದಾದಿಯರು ಕೇಳುವುದು ಎಂದಷ್ಟೇ ತಿಳಿದವರಿಗೆ ಇದು ಒಳ್ಳೆಯ ಉತ್ತರ.

ಇನ್ನು ಇಡೀ ಯೋಜನೆಯ ಲೆಕ್ಕ. ೨೦೦೭ರಿಂದ ೨೦೧೦ರವರೆಗಿನ ಬೇಸಿಗೆಗಳನ್ನು ೨೦೧೪ ಮತ್ತು ೨೦೧೫ರ ಬೇಸಿಗೆಗಳೊಡನೆ ಹೋಲಿಸಿ, ವರ್ಷಕ್ಕೆ ಸರಾಸರಿ ೧,೧೯೦ ಮರಣಗಳು ತಪ್ಪಿದುವೆಂದು ೨೦೧೮ರಲ್ಲಿ ಪ್ರಕಟವಾದ ಮೌಲ್ಯಮಾಪನವು ಅಂದಾಜು ಮಾಡಿತು. ಭಾಷಣಗಳಿಗೆ ಈ ಒಂದು ಸಂಖ್ಯೆಯೇ ಸಾಕು. ಆದರೆ ಅದೇ ವರದಿಯಲ್ಲಿ ಅಂದಾಜಿನ ಕೆಳಮಿತಿ ೧೬೨, ಮೇಲ್ಮಿತಿ ೨,೨೧೮ ಎಂದೂ ಇದೆ. ನೂರಾ ಅರವತ್ತೆರಡಕ್ಕೂ ಎರಡು ಸಾವಿರಕ್ಕೂ ಇರುವ ಅಂತರ ಸಣ್ಣದಲ್ಲ. ೨೦೧೦ರ ಭೀಕರ ಅನುಭವದಿಂದ ಜನರೇ ಎಚ್ಚೆತ್ತುಕೊಂಡಿರಬಹುದು. ಮನೆಗಳಿಗೆ ಕೂಲರುಗಳು ಬಂದಿರಬಹುದು. ಅರ್ಧ ನಗರಕ್ಕೆ ಎಚ್ಚರಿಕೆ ಕೊಟ್ಟು ಉಳಿದರ್ಧಕ್ಕೆ ಕೊಡದೆ ಪರೀಕ್ಷಿಸುವುದಂತೂ ಸಲ್ಲದು. ಮೌಲ್ಯಮಾಪನ ಬರೆದವರಲ್ಲಿ ಯೋಜನೆಯ ಪಾಲುದಾರರೂ ಇದ್ದರು. ಶಾಖೆಯ ಲೆಕ್ಕವನ್ನು ಶಾಖೆಯವರೇ ತಪಾಸಣೆ ಮಾಡಿದರೆ ಅಂಕಿಗಳು ಸರಿಯಾಗಿದ್ದರೂ ಹೊರಗಿನ ಲೆಕ್ಕಪರಿಶೋಧಕನೊಬ್ಬನು ಬೇಕೆನಿಸುವುದು ಸಹಜ. ಹಾಗಿದ್ದೂ ತಮ್ಮ ಅಂದಾಜಿನ ಅನಿಶ್ಚಿತತೆಯನ್ನು ಮುಚ್ಚಿಡದೆ ಅಚ್ಚು ಹಾಕಿದ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ವಡೋದರಾದ ಅನುಭವ ಇನ್ನೊಂದು ಬಗೆಯದು. ಆ ಜಿಲ್ಲೆಯ ಶಾಲೆಗಳಲ್ಲಿ ೨೦೦೦ದಿಂದೀಚೆಗೆ ಸರಕಾರ, ಯುನಿಸೆಫ್ ಮತ್ತು ಸ್ಥಳೀಯ ವೈದ್ಯಕೀಯ ಕಾಲೇಜು ಸೇರಿ ಹದಿಹರೆಯದ ಹುಡುಗಿಯರಿಗೆ ವಾರಕ್ಕೊಂದು, ಬುಧವಾರದಂದು, ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಕೊಡಿಸಿದವು. ರಕ್ತಹೀನತೆ ಶೇಕಡಾ ೭೪.೭ರಿಂದ ೫೩.೨ಕ್ಕೆ ಇಳಿಯಿತು. ದಿನವೂ ನುಂಗಬೇಕಾದ ಮಾತ್ರೆ ಮರೆತುಹೋಗುತ್ತದೆ, ಹೊಟ್ಟೆ ಕೆಡಿಸುತ್ತದೆ. ನಿಗದಿಯಾದ ಒಂದು ದಿನ ನೆನಪಿನಲ್ಲಿ ಉಳಿಯುತ್ತದೆ. ಮುಂದೆ ೨೦೧೨ರಲ್ಲಿ ಕೇಂದ್ರ ಸರಕಾರವೂ ಇಂತಹ ಸಾಪ್ತಾಹಿಕ ಕಾರ್ಯಕ್ರಮವನ್ನು ದೇಶದ ಮಟ್ಟದಲ್ಲಿ ಕೈಗೊಂಡಿತು. ಆದಾಗ್ಯೂ ಅರ್ಧಕ್ಕಿಂತ ಹೆಚ್ಚು ಹುಡುಗಿಯರಲ್ಲಿ ಕೊರತೆ ಉಳಿದೇ ಇತ್ತು. ಶಾಲೆ ಬಿಟ್ಟವಳಿಗೆ ಶಾಲೆಯ ಮಾತ್ರೆ ದೊರೆಯದು. ಹಂಚಿದ ಮಾತ್ರೆಗಳ ಸಂಖ್ಯೆಯನ್ನು ಎಣಿಸುವುದು ಸುಲಭ. ನುಂಗಿದವರ ರಕ್ತವನ್ನು ಪರೀಕ್ಷಿಸಿದುದೇ ಈ ಕಾರ್ಯಕ್ರಮದ ಹೆಚ್ಚುಗಾರಿಕೆ.

ಸೂರತ್ತಿಗೆ ಅಹಮದಾಬಾದಿನ ೪೧.೧ ಡಿಗ್ರಿಯನ್ನು ಹಾಗೆಯೇ ಎರವಲು ತರುವುದು ಉಚಿತವಲ್ಲ. ಸಮುದ್ರದ ಸಮೀಪದ ಆ ಊರಿನಲ್ಲಿ ಗಾಳಿಯ ತೇವ ಹೆಚ್ಚು. ಬೆವರು ಆರದಿದ್ದರೆ ಕಡಿಮೆ ಉಷ್ಣಮಾನದಲ್ಲಿಯೂ ದೇಹ ತಣಿಯದು. ೧೯೯೪ರ ಪ್ಲೇಗಿನ ಅನಂತರ ನಗರದ ನೈರ್ಮಲ್ಯ ವ್ಯವಸ್ಥೆಯನ್ನೇ ಸುಧಾರಿಸಿಕೊಂಡ ಸೂರತ್ತಿಗೆ ತನ್ನದೇ ಅಂಕಿಗಳಿಂದ ತನ್ನ ಮೆಟ್ಟಿಲುಗಳನ್ನು ಗುರುತಿಸಿಕೊಳ್ಳುವುದು ಅಸಾಧ್ಯವೇನಲ್ಲ.

ಈ ಮೂರು ನಗರಗಳ ಕನ್ನಡ ಕುಟುಂಬಗಳಿಗೆ ಮೇ ತಿಂಗಳೆಂದರೆ ಊರಿನಿಂದ ಹಿರಿಯರು ಬರುವ ಕಾಲವೂ ಹೌದು. ಮಲೆನಾಡಿನ ತಂಪಿನಿಂದ ಬಂದವರ ದೇಹ ಇಲ್ಲಿನ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರಗಳಾದರೂ ಬೇಕು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುತ್ತಿರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು; ತಾವಾಗಿ ನಿಲ್ಲಿಸಬಾರದು. ಮೈ ಕಾದು, ಮಾತು ತೊದಲಿ, ಗುರುತು ತಪ್ಪತೊಡಗಿದರೆ, ಬೆವರು ಇದ್ದರೂ ಇಲ್ಲದಿದ್ದರೂ, ಅದನ್ನು ಆಯಾಸವೆಂದು ತಿಳಿಯದೆ ೧೦೮ಕ್ಕೆ ಕರೆ ಮಾಡತಕ್ಕದ್ದು. ಆಂಬುಲೆನ್ಸ್ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಮೈಯನ್ನು ನೀರಿನಿಂದ ತೋಯಿಸಿ, ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.