ನೆಲ ಕಳೆದವರ ದುಡಿಮೆಯ ಹಕ್ಕು: ಕಾಸಾಬ್ಲಾಂಕಾ ಒಪ್ಪಂದದ ಪಾಠ

ಊರು ಬಿಟ್ಟು ಪರಸ್ಥಳದಲ್ಲಿ ಅನ್ನ ಸಂಪಾದಿಸುವವರಿಗೆ ಮೂರು ಕಾಗದಗಳ ಬೆಲೆ ಚೆನ್ನಾಗಿ ಗೊತ್ತಿರುತ್ತದೆ: ಕೆಲಸದ ಕಾಗದ, ವಾಸದ ಕಾಗದ, ಊರಿಗೆ ಮರಳುವ ರೈಲಿನ ಟಿಕೇಟು. ಮೊದಲಿನೆರಡು ಕೈತಪ್ಪಿದರೂ ಮೂರನೆಯದು ನಮಗೆ ಉಂಟು. ಆ ಮೂರನೆಯದೇ ಇಲ್ಲದ ಜನರ ಗತಿಯೇನು? ಪ್ಯಾಲೆಸ್ಟೀನಿನ ನಿರಾಶ್ರಿತರು ಅಂಥವರು. ಅವರ ಹಕ್ಕಿಗಾಗಿ ನೆರೆಯ ರಾಷ್ಟ್ರಗಳ ಕೂಟವೊಂದು ಮಾಡಿದ ಪ್ರಯತ್ನವನ್ನೂ ಅದರ ಫಲವನ್ನೂ ಈ ಪಾಠದಲ್ಲಿ ನೋಡೋಣ.

೧. ಹಿನ್ನೆಲೆ

ಪ್ಯಾಲೆಸ್ಟೀನನ್ನು ಯೆಹೂದಿ ರಾಜ್ಯ, ಅರಬ್ ರಾಜ್ಯ ಎಂದು ಎರಡಾಗಿ ಒಡೆಯಬೇಕೆಂದು ವಿಶ್ವಸಂಸ್ಥೆಯು ೧೯೪೭ರ ನವೆಂಬರ್ ೨೯ರಂದು ನಿರ್ಣಯ ಮಾಡಿತು. ಪರವಾಗಿ ೩೩, ವಿರುದ್ಧವಾಗಿ ೧೩ ಮತಗಳು ಬಿದ್ದವು. ವಿರುದ್ಧ ಮತ ಕೊಟ್ಟವರಲ್ಲಿ ಭಾರತವೂ ಒಂದು. ೧೯೪೮ರಲ್ಲಿ ಇಸ್ರೇಲ್ ರಾಜ್ಯ ಸ್ಥಾಪನೆಯಾಯಿತು, ಯುದ್ಧವೂ ನಡೆಯಿತು. ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿ ಅರಬರು ಹೊರದೂಡಲ್ಪಟ್ಟೋ ಭಯದಿಂದ ಓಡಿಯೋ ಮನೆಮಾರು ಕಳೆದುಕೊಂಡರು. ಲೆಬನಾನ್, ಸಿರಿಯಾ, ಜೋರ್ಡಾನ್, ಗಾಜಾ ಮುಂತಾದೆಡೆ ಡೇರೆಗಳಲ್ಲಿ ಸೇರಿದರು.

ಅದೇ ವರ್ಷ ಡಿಸೆಂಬರ್ ೧೧ರಂದು ವಿಶ್ವಸಂಸ್ಥೆಯು ೧೯೪ನೆಯ ನಿರ್ಣಯವನ್ನು ಮಾಡಿತು. ಮನೆಗೆ ಮರಳಿ ನೆರೆಯವರೊಡನೆ ಶಾಂತಿಯಿಂದ ಬಾಳಲಿಚ್ಛಿಸುವವರಿಗೆ ಅವಕಾಶ ಕೊಡತಕ್ಕದ್ದು, ಮರಳದವರಿಗೆ ಆಸ್ತಿಯ ಪರಿಹಾರ ಕೊಡತಕ್ಕದ್ದು ಎಂಬುದು ಅದರ ಸಾರ. ಸಾಮೂಹಿಕ ಮರಳುವಿಕೆಯಿಂದ ತನ್ನ ಭದ್ರತೆಗೆ ಕುಂದೆಂದು ಇಸ್ರೇಲ್ ಒಪ್ಪಲಿಲ್ಲ. ೧೯೫೦ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಯೊಂದು ಕೆಲಸ ಆರಂಭಿಸಿ ಶಾಲೆ, ಔಷಧ, ಪಡಿತರ ಒದಗಿಸಿತು. ಆದರೆ ಪೌರತ್ವ ಕೊಡುವುದು ಅದರ ಕೈಯಲ್ಲಿರಲಿಲ್ಲ.

೨. ರಾಷ್ಟ್ರಗಳ ಕೂಟ

೧೯೪೫ರ ಮಾರ್ಚ್ ೨೨ರಂದು ಕೈರೋ ನಗರದಲ್ಲಿ ಅರಬ್ ಲೀಗ್ ಹುಟ್ಟಿತು. ಅದರ ಸನ್ನದಿಗೇ ಪ್ಯಾಲೆಸ್ಟೀನಿನ ಕುರಿತು ಒಂದು ಅನುಬಂಧವಿತ್ತು. ಆದುದರಿಂದ ನಿರಾಶ್ರಿತರ ಪ್ರಶ್ನೆ ಅದಕ್ಕೆ ಹೊರಗಿನದಾಗಿರಲಿಲ್ಲ.

ಆದರೆ ಇಕ್ಕಟ್ಟು ಒಂದಿತ್ತು. ಬಂದವರಿಗೆ ತಂತಮ್ಮ ಪೌರತ್ವ ಕೊಟ್ಟುಬಿಟ್ಟರೆ, “ಇವರಿಗೆ ನೆಲೆ ಸಿಕ್ಕಿತು, ಇನ್ನು ಮರಳುವ ಮಾತೇಕೆ?” ಎಂದು ಲೋಕ ಕೈತೊಳೆದುಕೊಂಡೀತು. ಕೊಡದಿದ್ದರೆ ಅವರು ಹೊಟ್ಟೆಗೆ ದುಡಿಯುವುದು ಹೇಗೆ? ಜೋರ್ಡಾನ್ ಮೊದಲ ದಾರಿಯನ್ನು ಹಿಡಿದು ಅಲ್ಲಿದ್ದ ಬಹುಮಂದಿಗೆ ಪೌರತ್ವ ಕೊಟ್ಟಿತು. ಸಿರಿಯಾ ೧೯೫೬ರ ಕಾನೂನಿನಿಂದ ಪೌರತ್ವ ಕೊಡದೆಯೇ ಕೆಲಸ, ವ್ಯಾಪಾರಗಳಲ್ಲಿ ಸರಿಸಮಾನತೆ ಕೊಟ್ಟಿತು. ಲೀಗ್ ಹಿಡಿದದ್ದು ಸಿರಿಯಾದ ದಾರಿಯನ್ನೇ ಹೋಲುವ ದಾರಿ.

೩. ಒಪ್ಪಂದದ ಐದು ಅಂಶಗಳು

೧೯೬೫ರ ಸೆಪ್ಟೆಂಬರಿನಲ್ಲಿ ಮೊರಾಕ್ಕೋ ದೇಶದ ಕಾಸಾಬ್ಲಾಂಕಾದಲ್ಲಿ ಈ ಒಪ್ಪಂದವಾಯಿತು. ಅದರ ಅಂಶಗಳು ಹೀಗಿವೆ:

(ಅ) ಪ್ಯಾಲೆಸ್ಟೀನಿಯರು ತಮ್ಮ ರಾಷ್ಟ್ರೀಯತೆಯನ್ನು ಉಳಿಸಿಕೊಂಡೇ, ತಾವಿರುವ ದೇಶದ ಪ್ರಜೆಗಳಿಗೆ ಸಮನಾಗಿ ಕೆಲಸ ಮಾಡಬಹುದು.

(ಆ) ಆ ದೇಶದಿಂದ ಹೊರಗೆ ಹೋಗಿ ಮತ್ತೆ ಬರಬಹುದು.

(ಇ) ಬೇರೆ ಅರಬ್ ದೇಶದಲ್ಲಿರುವವರೂ ಅಗತ್ಯಬಿದ್ದಾಗ ಒಳಗೆ ಬಂದು ಹೋಗಬಹುದು. ಆದರೆ ಗೊತ್ತಾದ ಅವಧಿಯವರೆಗೆ ಮಾತ್ರ.

(ಈ) ಕೇಳಿದವರಿಗೆ ರಹದಾರಿ ಪತ್ರವನ್ನು ತಡಮಾಡದೆ ಕೊಡಬೇಕು, ನವೀಕರಿಸಬೇಕು.

(ಉ) ಆ ಪತ್ರವುಳ್ಳವರನ್ನು ವೀಸಾ, ವಾಸ್ತವ್ಯಗಳ ವಿಷಯದಲ್ಲಿ ಲೀಗಿನ ರಾಷ್ಟ್ರಗಳ ಪ್ರಜೆಗಳಂತೆಯೇ ಕಾಣಬೇಕು.

ಇವುಗಳಲ್ಲಿ ಭಿಕ್ಷೆ ಎಂಬ ಮಾತೇ ಇಲ್ಲ. ದುಡಿಯಲು ಬಿಡಿ, ಓಡಾಡಲು ಬಿಡಿ ಎಂಬುದೇ ತಿರುಳು.

೪. ನಡೆದದ್ದೇನು?

ಲೀಗಿನ ಮೂಲ ಸನ್ನದಿನ ೭ನೆಯ ವಿಧಿಯಂತೆ ಬಹುಮತದ ತೀರ್ಮಾನವು ಒಪ್ಪಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಜಾರಿಯೂ ಆಯಾ ದೇಶದ ಕಟ್ಟಳೆಯಂತೆಯೇ. ತಪ್ಪಿದವರನ್ನು ಕೇಳುವವರಿರಲಿಲ್ಲ. ಕೆಲವು ದೇಶಗಳು ಒಪ್ಪಂದವನ್ನು ಅನುಮೋದಿಸಲಿಲ್ಲ. ಲೆಬನಾನ್, ಕುವೈತ್, ಲಿಬಿಯಾಗಳು ಷರತ್ತು ಹಾಕಿ ಸಹಿಮಾಡಿದವು. ಲೆಬನಾನಿನಲ್ಲಿ ವಕೀಲಿ, ವೈದ್ಯ, ಇಂಜಿನಿಯರ್ ಮುಂತಾದ ವೃತ್ತಿಗಳ ಬಾಗಿಲು ಪ್ಯಾಲೆಸ್ಟೀನಿಯರಿಗೆ ಮುಚ್ಚಿಯೇ ಉಳಿಯಿತು. ೨೦೦೧ರ ಕಾನೂನು ಮನೆ, ಜಮೀನು ಕೊಳ್ಳುವುದನ್ನೂ ತಡೆಯಿತು. ಗಾಜಾದವರ ಕೈಯಲ್ಲಿ ಈಜಿಪ್ಟಿನ ರಹದಾರಿ ಇರುತ್ತಿತ್ತು. ಆದರೆ ಅದೇ ಈಜಿಪ್ಟಿಗೆ ಹೋಗಲು ಅವರಿಗೆ ವೀಸಾ ಬೇಕಾಗುತ್ತಿತ್ತು!

ಅತಿ ಕಠಿಣ ಪರೀಕ್ಷೆ ೧೯೯೦ರಲ್ಲಿ ಬಂತು. ಆ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಅಮ್ಮಾನ್ ಮಾರ್ಗವಾಗಿ ವಿಮಾನಗಳಲ್ಲಿ ಮುಂಬಯಿಗೆ ಬಂದಿಳಿದರು. ನಮ್ಮ ಕರಾವಳಿಯವರೂ ಅವರಲ್ಲಿದ್ದರು. ಗಳಿಸಿದ್ದನ್ನು ಬಿಟ್ಟು ಬಂದರೂ ಅವರಿಗೆ ಬಂದು ಸೇರಲು ಒಂದು ಮನೆ ಇತ್ತು. ಅದೇ ಕುವೈತಿನಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ಟೀನಿಯರಿದ್ದರು: ಮಾಸ್ತರರು, ಗುಮಾಸ್ತರು, ಇಂಜಿನಿಯರರು. ಪ್ಯಾಲೆಸ್ಟೀನ್ ವಿಮೋಚನಾ ಸಂಸ್ಥೆಯ ನಾಯಕರು ಇರಾಕಿನತ್ತ ವಾಲಿದರೆಂಬ ಸಿಟ್ಟಿನಲ್ಲಿ, ಯುದ್ಧ ಮುಗಿದ ಮೇಲೆ ಈ ದುಡಿಯುವ ಜನರಿಗೆ ಅಲ್ಲಿ ನೆಲೆ ತಪ್ಪಿತು. ಬಹುಪಾಲು ಜನ ಜೋರ್ಡಾನಿಗೆ ಹೋದರು; ಅಲ್ಲಿನ ಪೌರತ್ವವಿಲ್ಲದವರ ಪಾಡು ಇನ್ನೂ ಕಷ್ಟವಾಯಿತು. ೧೯೯೧ರಲ್ಲಿ ಲೀಗ್ ತಾನೇ ೫೦೯೩ನೆಯ ನಿರ್ಣಯದಿಂದ ಆಯಾ ದೇಶವು ತನ್ನ ಕಾನೂನಿನಂತೆ ನಡೆಯಬಹುದೆಂದು ಹೇಳಿ, ಕಾಸಾಬ್ಲಾಂಕಾದ ಮಾತನ್ನು ಸಡಿಲಿಸಿತು.

೫. ತಿಳಿಯತಕ್ಕದ್ದು

ಒಪ್ಪಂದ ವ್ಯರ್ಥವಾಯಿತೆನ್ನುವುದು ಸರಿಯಲ್ಲ. ತನ್ನತನವನ್ನು ಬಿಡದೆಯೂ ನಿರಾಶ್ರಿತನು ಗೌರವದಿಂದ ದುಡಿಯಬಹುದೆಂಬ ತತ್ತ್ವವನ್ನು ಅದು ಬರೆದಿಟ್ಟಿತು. ಹಕ್ಕು ಕೇಳುವವರಿಗೆ ತೋರಿಸಲು ಒಂದು ಆಧಾರ ಉಳಿಯಿತು. ಆದರೆ ಮನೆಗೆ ಮರಳುವ ಹಕ್ಕೂ ಇದ್ದಲ್ಲಿ ದುಡಿಯುವ ಹಕ್ಕೂ ಒಂದಕ್ಕೊಂದು ಶತ್ರುಗಳಲ್ಲ. ನಾಳಿನ ಹಕ್ಕಿನ ಹೆಸರಿನಲ್ಲಿ ಇಂದಿನ ಅನ್ನವನ್ನು ಕಸಿಯುವುದು ಯಾವ ನ್ಯಾಯವೂ ಅಲ್ಲ. ನಾಯಕರ ಮಾತಿಗೆ ಕೂಲಿಕಾರನನ್ನು ದಂಡಿಸುವುದೂ ಹಾಗೆಯೇ. ಪರಸ್ಥಳದಲ್ಲಿ ದುಡಿಯುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಚರ್ಚೆಗೆ ಪ್ರಶ್ನೆಗಳು

೧. ಪೌರತ್ವ ಕೊಡದೆ ಕೆಲಸದ ಹಕ್ಕು ಕೊಡುವುದರಿಂದ ಲಾಭವೇನು, ಅಪಾಯವೇನು?
೨. ಜಾರಿಮಾಡಿಸುವ ಅಧಿಕಾರವಿಲ್ಲದ ಒಪ್ಪಂದಕ್ಕೆ ಬೆಲೆ ಎಷ್ಟು?
೩. ೧೯೯೦ರಲ್ಲಿ ಕುವೈತಿನಿಂದ ಮರಳಿದವರು ನಿಮ್ಮ ಪರಿಚಯದಲ್ಲಿದ್ದರೆ, ಅವರ ಅನುಭವವನ್ನು ಕೇಳಿ ಬಂದು ವಾಚನಾಲಯದಲ್ಲಿ ಹೇಳಿರಿ.