ಸುಣ್ಣದೊಳಗಿನ ಧನ-ಋಣ

ಕಿರಂಗೂರಿನ ಸುತ್ತಣ ಕಬ್ಬಿನ ಸೀಮೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲಿನ ಹುಳಿಯನ್ನು ತಗ್ಗಿಸಲು ಸುಣ್ಣ ಬೆರೆಸುವುದುಂಟು. ನೀರಿನಲ್ಲಿ ಕರಗಿದ ಸುಣ್ಣವು ಕ್ಯಾಲ್ಸಿಯಂ ಮತ್ತು ಹೈಡ್ರಾಕ್ಸೈಡ್ ಅಯಾನುಗಳಾಗಿ ಬೇರ್ಪಡುತ್ತದೆ. ಇವುಗಳ ವಿದ್ಯುದಾವೇಶವನ್ನು ನಾವೀಗ ಲೆಕ್ಕ ಹಾಕೋಣ.

ಸೂತ್ರವು ಸುಲಭ: ಪ್ರೋಟಾನುಗಳ ಸಂಖ್ಯೆಯಿಂದ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಕಳೆಯಬೇಕು. ಕ್ಯಾಲ್ಸಿಯಂ ಅಯಾನಿನಲ್ಲಿ ಪ್ರೋಟಾನುಗಳು 20, ಎಲೆಕ್ಟ್ರಾನುಗಳು 18, ಆವೇಶ +2. ಹೈಡ್ರಾಕ್ಸೈಡಿನಲ್ಲಿ ಆಕ್ಸಿಜನ್ನಿನ 8, ಹೈಡ್ರೊಜನ್ನಿನ 1, ಒಟ್ಟು 9 ಪ್ರೋಟಾನುಗಳು, ಎಲೆಕ್ಟ್ರಾನುಗಳು 10, ಆವೇಶ −1.

ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕ್ಯಾಲ್ಸಿಯಮ್ಮಿಗೆ −2 ಎಂದು ಬರೆದು ವಿದ್ಯಾರ್ಥಿಗಳು ಎಡವುವುದುಂಟು. ಆದರೆ ಎಲೆಕ್ಟ್ರಾನಿನ ಆವೇಶವೇ ಋಣ. ಋಣ ಕಳೆದವನಿಗೆ ಉಳಿಯುವುದು ಧನವಲ್ಲವೇ?

ಕಳೆದುಹೋದ ಆ ಎರಡಕ್ಕೂ ಲೆಕ್ಕ ಸಿಗುತ್ತದೆ. ಒಂದು ಕ್ಯಾಲ್ಸಿಯಂ ಅಯಾನಿಗೆ ಎರಡು ಹೈಡ್ರಾಕ್ಸೈಡುಗಳು ಜೊತೆಯಿದ್ದು, ಒಂದೊಂದರಲ್ಲಿಯೂ ಒಂದೊಂದು ಎಲೆಕ್ಟ್ರಾನು ಹೆಚ್ಚಾಗಿದೆ. +2−1−1=0. ಆದುದರಿಂದಲೇ ಸುಣ್ಣದಲ್ಲಿ ಒಟ್ಟಿನ ಆವೇಶವು ಸೊನ್ನೆ.